ಖಾಂಗ್ ಮೇಷ್ಟ್ರ ರಷ್ಯನ್ ಕಾಗದ

ಲಾಯ್: ಐದು ಜನ ಕಣ್ರೀ! ಬೆಳಿಗ್ಗೆಯಿಂದ ಐದು ಜನ ನನ್ನ ಮುಖ ನೋಡ್ಕೊಂಡು 'ದೋರಗ' ಅಂದ್ರು.

ಖಾಂಗ್: ಯಾರವರು?

ಲಾಯ್: ಹೆಸರು ಕೇಳ್ಲಿಲ್ಲ. ಎಲ್ಲಾ ಚಡ್ಡಿ ಹಾಕ್ಕೊಂಡ ರಷ್ಯನ್ ಗಂಡಸರು. ಒಬ್ಬನಂತೂ ಮಾವಿನಹಣ್ಣು ಕೈಯಲ್ಲಿ ಹಿಡ್ಕೊಂಡು ಮೂರು ಸಲ ಅಂದ. ದೋರಗ, ದೋರಗ, ದೋರಗ.

ಖಾಂಗ್: ಮೂರು ಸಲ!

ಲಾಯ್: ಹಾಗಂದ್ರೆ ಏನು ಅಂತ ಕೇಳಿದ್ರೆ ನೀವ್ಯಾಕೆ ಕೆಂಪಗಾಗ್ತೀರಿ? ಮೆಣಸಿನಕಾಯಿ ಕಚ್ಚಿದ್ರಾ?

ಖಾಂಗ್: ನಾಳೆಯಿಂದ ನೀನು ಬೀಚಿಗೆ ಹೋಗ್ಬೇಡ.

ಊಟದ ಬಟ್ಟಲನ್ನು ಚಾಪೆಯ ಮೇಲಿಟ್ಟು ಖಾಂಗ್ ಉಣ್ಣುವ ಕಡ್ಡಿಗಳಿಂದ ಹೆಂಡತಿಯತ್ತ ಬೊಟ್ಟು ಮಾಡಿದ. ಅವನು ವಿಯೆಟ್ನಾಮಿನ ಕಡಲೂರು ನ್ಯಾಚಾಂಗಿನ ನಮ್ಮ ಓಣಿಗೆಲ್ಲ ರಷ್ಯನ್ ಮೇಷ್ಟ್ರು. ಸೋವಿಯತ್ ದೇಶ ಇನ್ನೂ ಇದ್ದಾಗ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಒಂದು ಬಟ್ಟೆ ಗಿರಣಿಯಲ್ಲಿ ಮೂರು ವರ್ಷ ಮಗ್ಗ ನಡೆಸಿ ಬಂದವನು. ಅಲ್ಲಿ ಅವನ ಪಾಳಿಯವರೆಲ್ಲ ನಮ್ಮ ವಿಯೆಟ್ನಾಮಿನವರೇ, ಕೋಣೆಯವರೂ ನಮ್ಮವರೇ, ಜಗಳವಾಡಿದ್ದೂ ನಮ್ಮ ಭಾಷೆಯಲ್ಲೇ ಎಂಬ ಸಂಗತಿಯನ್ನು ಅವನು ಯಾರಿಗೂ ಒತ್ತಿ ಹೇಳಿದವನಲ್ಲ. ರಷ್ಯದ ಪ್ರವಾಸಿಗರು ಹಿಂಡುಹಿಂಡಾಗಿ ನಮ್ಮ ಕಡಲತೀರಕ್ಕೆ ಬರತೊಡಗಿದ ಮೇಲೆ ಅವನ ಜಗಲಿಯಲ್ಲಿ ಪ್ರತಿ ಮಧ್ಯಾಹ್ನ ಪಾಠ. ಹೆಂಡತಿ ಲಾಯ್ ಮಾತ್ರ ಆ ಪಾಠಕ್ಕೆ ಒಂದು ದಿನವೂ ಕೂತವಳಲ್ಲ. ಹೆಗಲ ಮೇಲೆ ಎರಡು ಬುಟ್ಟಿ ತೂಗಿಸಿಕೊಂಡು ಮಾವಿನಹಣ್ಣು ಮಾರಲು ಹೊರಟರೆ ಊಟದ ಹೊತ್ತಿಗೇ ಮನೆ.

ಲಾಯ್: ಯಾಕೆ ಹೋಗ್ಬಾರದು?

ಖಾಂಗ್: ಕೇಳೇ ಇಲ್ಲಿ. ರಷ್ಯನ್‌ನಲ್ಲಿ 'ದರಗಾಯ' ಅಂದ್ರೆ ಪ್ರಿಯೆ. ಗಂಡಸಿಗಾದ್ರೆ 'ದರಗೋಯ್', ಪ್ರಿಯ. ಗಂಡ ಹೆಂಡತಿ ಕದ ಹಾಕ್ಕೊಂಡು ಆಡೋ ಮಾತು.

ಲಾಯ್: ಅವರು ಅಂದಿದ್ದು ದರಗಾಯ ಅಲ್ಲ. ದೋರಗ.

ಖಾಂಗ್: ಆಸೆ ಹೆಚ್ಚಾದಾಗ ನಾಲಿಗೆ ತೊಡರುತ್ತೆ.

ಲಾಯ್: ಐದೂ ಜನದ್ದೂ ತೊಡರ್ತಾ? ಐವತ್ತೇಳು ವರ್ಷದ ನನ್ನನ್ನ ನೋಡಿ?

ಖಾಂಗ್: ಅವರ ಕಣ್ಣಿಗೆ ನಮ್ಮವರ ವಯಸ್ಸು ತಿಳಿಯಲ್ಲ.

ಲಾಯ್: ಸರಿ. ಪ್ರಿಯೆ ಅಂದೋನು ಹಣ್ಣನ್ನ ವಾಪಸ್ ಬುಟ್ಟಿಗೆ ಯಾಕೆ ಹಾಕ್ದ?

ಖಾಂಗ್: ಹಾಕಿದ್ನಾ?

ಲಾಯ್: ಐದು ಜನಾನೂ ಹಾಕಿದ್ರು. ಹಾಕಿ, ತಲೆ ಅಲ್ಲಾಡಿಸ್ಕೊಂಡು ಹೋದ್ರು.

ಖಾಂಗ್: ನಾಚಿಕೆ. ರಷ್ಯನ್ ಗಂಡಸಿಗೆ ನಾಚಿಕೆ ಜಾಸ್ತಿ.

ಲಾಯ್: ಅಂಗೈಯಗಲದ ಚಡ್ಡೀಲಿ ಬಂದವನಿಗೆ!

ಅನ್ನದ ಮೇಲೆ ಮೀನಿನ ಸಾರು ಸುರಿದುಕೊಂಡು ಲಾಯ್ ನಿಧಾನವಾಗಿ ಎರಡು ತುತ್ತು ತಿಂದಳು. ಮಾರುಕಟ್ಟೆಯಲ್ಲಿ ಬೆಲೆ ಹೇಳುವ ಮುಂಚೆ ಅವಳು ಹೀಗೆಯೇ ತಡೆಯುವುದು.

ಲಾಯ್: ಪಕ್ಕದಲ್ಲಿ ಅನಾನಸ್ ಮಾರೋಳು ಆವಾಗ್ಲೇ ಹೇಳಿದ್ಲು. ದೋರಗ ಅಂದ್ರೆ ದುಬಾರಿ. ಆರನೆಯವನು ಬಾಯಿ ತೆರೆಯೋಕೆ ಮುಂಚೆ ನಾನೇ 'ದೋರಗ ಅಲ್ಲ, ದೋರಗ ಅಲ್ಲ' ಅಂದೆ. ನಗ್ತಾ ಎರಡು ಕಿಲೋ ತಗೊಂಡು ಹೋದ.

ಖಾಂಗ್: ಗೊತ್ತಿದ್ದೂ ಯಾಕೆ ಕೇಳ್ದೆ?

ಲಾಯ್: ಮೇಷ್ಟ್ರಿಗೆ ಗೊತ್ತಾ ಅಂತ ನೋಡೋಕೆ.

ಖಾಂಗ್: ಅನಾನಸ್ ಮಾರೋಳಿಗೇನೇ ಗೊತ್ತು ರಷ್ಯನ್? ನಾನು ಆ ನೆಲದ ಅನ್ನ ತಿಂದವನು!

ಲಾಯ್: ಅನ್ನ ಏನೋ ತಿಂದಿರಿ, ಭಾಷೆಗೆ ಬಾಯಿ ಹಾಕಿದ ಹಾಗಿಲ್ಲ. ನಿಮ್ಮ ಶಿಷ್ಯ ಆ ಸೀಗಡಿ ಸುಡೋನಿಗೆ ಏನು ಕಲಿಸಿದೀರಿ?

ಖಾಂಗ್: ಗಿರಾಕಿಗಳನ್ನ ಗೌರವದಿಂದ ಕರೆಯೋ ಮಾತು.

ಲಾಯ್: 'ಸಂಗಾತಿಗಳೇ, ಈ ತಿಂಗಳ ಗುರಿ ಮುಟ್ಟೋಣ' ಅಂತ ಕಲಿಸಿದೀರಿ! ಅವನು ಮೊನ್ನೆ ಬೀಚಲ್ಲಿ ಹಾಗೆ ಕೂಗಿದ್ದಕ್ಕೆ ಮರಳಲ್ಲಿ ಮಲಗಿದ್ದ ಮುದುಕನೊಬ್ಬ ಎದ್ದು ನೆಟ್ಟಗೆ ನಿಂತ್ಕೊಂಡ. ಸೀಗಡಿ ಮಾತ್ರ ತಗೊಳ್ಲಿಲ್ಲ.

ಖಾಂಗ್: ಮಸಾಜು ಮಾಡೋ ಹುಡುಗೀರನ್ನ ಕೇಳು ಹೋಗು. ನನ್ನ ಪಾಠ ಇಲ್ದಿದ್ರೆ ಅವರ ಗತಿ ಏನಾಗ್ತಿತ್ತು?

ಲಾಯ್: ಅವರಿಗೇನು ಕಲಿಸಿದ್ರಿ?

ಖಾಂಗ್: 'ಯಂತ್ರ ನಿಲ್ಲಿಸಿ. ಕೈ ಹಾಕಬೇಡಿ, ಅಪಾಯ.'

ಲಾಯ್: ಹ್ಞೂಂ. ಅದೊಂದು ಕೆಲಸಕ್ಕೆ ಬಂದಿದೆ, ಒಪ್ಪಿದೆ.

ಮೇಷ್ಟ್ರು ಗೆದ್ದವನಂತೆ ಬಟ್ಟಲು ಎತ್ತಿಕೊಂಡ. ಅಲ್ಲಿಗೆ ಸುಮ್ಮನಾಗಿದ್ದರೆ ಊಟ ಮುಗಿದು, ಕೈ ತೊಳೆದು, ಇಬ್ಬರೂ ಒಂದು ನಿದ್ದೆ ತೆಗೆಯುತ್ತಿದ್ದರು. ಆದರೆ ಮೇಷ್ಟ್ರ ಕೆಲಸ ಹಿಡಿದವರಿಗೆ ಕೊನೆಯ ಮಾತು ತಮ್ಮದೇ ಆಗಬೇಕು.

ಖಾಂಗ್: ನೀನು ಏನೇ ಹೇಳು, ದರಗೋಯ್ ಅಂದ್ರೆ ಪ್ರಿಯ. ಅದರಲ್ಲಿ ನನಗೆ ಸಂಶಯವೇ ಇಲ್ಲ. ನನಗೇ ಬರೆದಿದ್ದಾಳೆ ಅಂದ್ಮೇಲೆ—

ಲಾಯ್: ಬರೆದಿದ್ದಾಳೆ?

ಖಾಂಗ್: ಬರೆದಿದ್ದಾರೆ.

ಲಾಯ್: ಮೊದಲು 'ಳೆ' ಅಂದ್ರಿ.

ಖಾಂಗ್: ಬಾಯ್ತಪ್ಪು.

ಲಾಯ್: 'ಳೆ' ಅಂದಾಗ ತಪ್ಪಿದ್ದಾ, 'ರೆ' ಅಂದಾಗ ತಪ್ಪಿದ್ದಾ?

ಖಾಂಗ್: ಸಾರು ಹಾಕು.

ಲಾಯ್: ಆ ಕಂದು ಸೂಟ್‌ಕೇಸಲ್ಲಿ, ಅಸ್ತರಿನ ಕೆಳಗೆ ಇಟ್ಟಿದೀರಲ್ಲ, ಆ ಕಾಗದ ತಾನೆ?

ಖಾಂಗನ ಕೈಯಿಂದ ಒಂದು ಕಡ್ಡಿ ಜಾರಿ ಸಾರಿನ ಪಾತ್ರೆಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಖಾಂಗ್: ನಿನಗೆ... ಯಾವಾಗಿಂದ ಗೊತ್ತು?

ಲಾಯ್: ಮದುವೆಯಾದ ಮೂರನೇ ವಾರದಿಂದ. ಕೇಳಿದ್ದಕ್ಕೆ, ಗಿರಣಿಯವರು ಕೊಟ್ಟ ಆರೋಗ್ಯ ತಪಾಸಣೆ ಕಾಗದ ಅಂದ್ರಿ. ನಾನೂ ಹೌದಾ ಅಂದೆ. ಪ್ರತಿ ಹೊಸವರ್ಷದ ತೆತ್ ಹಬ್ಬಕ್ಕೆ ಮನೆ ಗುಡಿಸುವಾಗ ಅದನ್ನ ತೆಗೀತೀನಿ, ನೋಡ್ತೀನಿ, ಇದ್ದ ಹಾಗೇ ಇಡ್ತೀನಿ. ಕೊನೇಲಿ ಒಂದು ಪುಟ್ಟ ಹೂವಿನ ಚಿತ್ರ ಇದೆ. ಆರೋಗ್ಯ ತಪಾಸಣೆ ಮಾಡಿದ ಡಾಕ್ಟರು ಹೂವು ಯಾಕ್ರೀ ಬಿಡಿಸ್ತಾನೆ?

ಖಾಂಗ್: ಮೂವತ್ತು ವರ್ಷ ಗೊತ್ತಿದ್ದೂ ಸುಮ್ನಿದ್ಯಾ!

ಲಾಯ್: ಓದೋಕೆ ಬರ್ದೇ ಜಗಳ ಹೇಗೆ ಮಾಡ್ಲಿ? ನಾನು ಗಿರಾಕಿಗಳ ಬಾಯಿಂದ ಇಷ್ಟು ಕಷ್ಟಪಟ್ಟು ರಷ್ಯನ್ ಕಲೀತಿರೋದು ಮಾವಿನಹಣ್ಣಿಗೋಸ್ಕರ ಅಂದ್ಕೊಂಡ್ರಾ?

ಲಾಯ್ ಒಳಗೆ ಹೋಗಿ ಕಾಗದ ತಂದು ಊಟದ ತಟ್ಟೆಗಳ ನಡುವೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಹರಿದಿತ್ತು; ಶಾಯಿ ಚಹಾದ ಬಣ್ಣಕ್ಕೆ ತಿರುಗಿತ್ತು.

ಲಾಯ್: ಯಾರಿವಳು?

ಖಾಂಗ್: ಕ್ಲಾವಾ. ಗಿರಣಿ ಕ್ಯಾಂಟೀನಲ್ಲಿ ಸೂಪ್ ಬಡಿಸ್ತಿದ್ಲು. ಅಷ್ಟೇ.

ಲಾಯ್: ಅವಳ ಹತ್ರ ಏನು ಮಾತಾಡ್ತಿದ್ರಿ?

ಖಾಂಗ್: ಏನೂ ಇಲ್ಲ. ಮೂರು ವರ್ಷ ಒಂದೇ ಮಾತು. 'ಇನ್ನೂ ಸ್ವಲ್ಪ.'

ಲಾಯ್: ಮೂರು ವರ್ಷ ಹೆಂಗಸಿನ ಮುಂದೆ ನಿಂತು 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಅಂದ್ರೆ ಅವಳು ಕಾಗದ ಬರೀದೆ ಏನು ಮಾಡ್ತಾಳೆ?

ಖಾಂಗ್: ನಾನು ತಟ್ಟೆ ತೋರಿಸಿ ಹೇಳ್ತಿದ್ದೆ ಕಣೇ! ನನಗೆ ಹಸಿವು!

ಲಾಯ್: ಓದಿ. ಏನು ಬರೆದಿದ್ದಾಳೆ?

ಖಾಂಗ್: ಗೊತ್ತಿಲ್ಲ.

ಲಾಯ್: ಗೊತ್ತಿಲ್ಲ ಅಂದ್ರೆ?

ಖಾಂಗ್: ಅವರ ಕೈಬರಹ ನೀನೇ ನೋಡು. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಕೊಕ್ಕೆಗಳು. ಹೊರಡೋ ದಿನ ರೈಲಿನ ಹತ್ರ ಬಂದು ಕೈಗೆ ತುರುಕಿ ಓಡಿಹೋದ್ಲು. ಡಬ್ಬಿಯಲ್ಲಿದ್ದ ಗೆಳೆಯನೊಬ್ಬ ಮೊದಲನೇ ಪದ ಓದಿದ. ದರಗೋಯ್ ಖಾಂಗ್. 'ಪ್ರಿಯ ಅಂತ ಬರೆದಿದ್ದಾಳೆ ಕಣೋ' ಅಂದ. ಮುಂದಿನದು ಅವನಿಗೂ ಬರ್ಲಿಲ್ಲ.

ಲಾಯ್: ಅಂದ್ರೆ ಓಣಿಗೆಲ್ಲ ರಷ್ಯನ್ ಕಲಿಸೋ ಮೇಷ್ಟ್ರಿಗೆ ತನಗೆ ಬಂದ ಕಾಗದ ಓದೋಕೆ ಬರಲ್ಲ.

ಖಾಂಗ್: ಮೆಲ್ಲಗೆ! ಕಿಟಕಿ ತೆಗೆದಿದೆ.

ಲಾಯ್: ಬಂದ ಮೇಲಾದ್ರೂ ಯಾರ ಹತ್ರಾನಾದ್ರೂ ಓದಿಸ್ಬಹುದಿತ್ತಲ್ಲ?

ಖಾಂಗ್: ಅಷ್ಟರಲ್ಲಿ ಮದುವೆ ಆಗ್ಹೋಯ್ತು.

ಲಾಯ್: ಓಹೋ. ನಾನು ಅಡ್ಡ ಬಂದೆ.

ಖಾಂಗ್: ಹಾಗಂದ್ನಾ ನಾನು?

ಲಾಯ್: ಏಳಿ. ಅಂಗಿ ಹಾಕ್ಕೊಳ್ಳಿ.

ಓಣಿಯ ಕೊನೆಯ ಮನೆಯ ಮಹಡಿಯಲ್ಲಿ ಜಿನೈದಾ ಎಂಬ ರಷ್ಯದ ಅಜ್ಜಿ ಇದ್ದಳು. ಲೈಬ್ರರಿ ಕೆಲಸದಿಂದ ನಿವೃತ್ತಳಾಗಿ, ತನ್ನ ಊರಿನ ಚಳಿಗಾಲ ತಪ್ಪಿಸಿಕೊಳ್ಳಲು ವರ್ಷಕ್ಕೆ ಐದು ತಿಂಗಳು ನಮ್ಮಲ್ಲಿ ಬಂದಿರುವವಳು. ದಿನವೂ ಲಾಯ್ ಹತ್ತಿರ ಎರಡು ಹಣ್ಣು ಕೊಳ್ಳುವಳು. ಅವಳಿಗೆ ನಮ್ಮ ಭಾಷೆಯಲ್ಲಿ ಬರುವುದು 'ಬೇಡ' ಎಂಬ ಒಂದೇ ಮಾತು. ದಾರಿಯುದ್ದಕ್ಕೂ ಖಾಂಗ್ ಎರಡು ಹೆಜ್ಜೆ ಹಿಂದೆ ನಡೆದ. ಮಹಡಿಯ ಬಾಗಿಲಲ್ಲಿ ಮಾತ್ರ, ತಾನು ಮೇಷ್ಟ್ರೆಂಬುದು ನೆನಪಾಗಿ, ಮುಂದೆ ನುಗ್ಗಿದ.

ಖಾಂಗ್ (ರಷ್ಯನ್‌ನಲ್ಲಿ, ಗಟ್ಟಿಯಾಗಿ): ಗಮನಿಸಿ! ಎರಡನೇ ಪಾಳಿ ಶುರು!

ಅಜ್ಜಿ ಬೆಚ್ಚಿ ಕೈಯಲ್ಲಿದ್ದ ಚಹಾ ಚೆಲ್ಲಿದಳು. ಲಾಯ್ ಗಂಡನನ್ನು ಮೊಣಕೈಯಿಂದ ಬದಿಗೆ ತಳ್ಳಿದಳು.

ಲಾಯ್ (ತನ್ನ ಮಾವಿನಹಣ್ಣಿನ ರಷ್ಯನ್‌ನಲ್ಲಿ): ಜಿನೈದಾ, ನಮಸ್ಕಾರ. ಇವತ್ತು ಹಣ್ಣು ಇಲ್ಲ. ಕಾಗದ ಇದೆ. ತಾಜಾ ಅಲ್ಲ, ತುಂಬಾ ಹಳೇದು. ನೋಡು, ಓದು, ಪುಕ್ಕಟೆ.

ಜಿನೈದಾ: ಅಯ್ಯೋ, ಎಷ್ಟು ಚೆಂದದ ಕೈಬರಹ! ಕೂತ್ಕೊಳ್ಳಿ, ಕೂತ್ಕೊಳ್ಳಿ.

ಖಾಂಗ್: ಏನಂದ್ಲು?

ಲಾಯ್: ಕೂತ್ಕೊಳ್ಳಿ ಅಂದ್ಲು. ಅದೂ ಬರಲ್ವಾ?

ಖಾಂಗ್: ಗಿರಣಿಯಲ್ಲಿ ಯಾರೂ ನಮಗೆ ಕೂತ್ಕೋ ಅಂತ ಹೇಳ್ಲಿಲ್ಲ.

ಅಜ್ಜಿ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಶಾಲೆಯ ಮಕ್ಕಳಿಗೆ ಓದುವಂತೆ ಬಿಡಿಬಿಡಿಸಿ ಓದತೊಡಗಿದಳು. ಕಾಗದದಲ್ಲಿ ಹೀಗಿತ್ತು:

"ಪ್ರಿಯ ಖಾಂಗ್, ಮೂರು ವರ್ಷ ನೀನು ನನ್ನ ಮುಂದೆ ತಟ್ಟೆ ಹಿಡಿದು ಒಂದೇ ಮಾತು ಆಡಿದೆ. ಆ ಒಂದು ಮಾತು ಕೇಳಲು ನಾನು ಬೆಳಗಿನಿಂದ ಬಾಗಿಲು ನೋಡುತ್ತಿದ್ದೆ. ನೀನು ಕೇಳುತ್ತಿದ್ದುದು ಸೂಪನ್ನೋ ನನ್ನನ್ನೋ, ನನಗೆ ಇವತ್ತಿಗೂ ತಿಳಿಯದು. ನಿನ್ನನ್ನು ಪ್ರೀತಿಸುತ್ತೇನೆ. ಪರದೇಶದವನ ಜೊತೆ ಮದುವೆ ಸುಲಭವಲ್ಲ ಎಂದು ಅಮ್ಮ ಹೇಳುತ್ತಾಳೆ. ನನಗೆ ಹೆದರಿಕೆಯಿಲ್ಲ. ಮತ್ತೆ ಬಾ. ಬರಲಾಗದಿದ್ದರೆ ಒಂದು ಸಾಲು ಬರೆ. ಕಾಯುತ್ತೇನೆ. ಕ್ಲಾವಾ."

ಓದು ಅರ್ಧಕ್ಕೆ ಬಂದಾಗ ಖಾಂಗ್ ಕುರ್ಚಿಯಿಂದ ನೆಗೆದೆದ್ದ.

ಖಾಂಗ್: ಬ್ರಾಕ್! ಕೇಳಿದ್ಯಾ? ಬ್ರಾಕ್ ಅಂದ್ಲು!

ಲಾಯ್: ಏನು ಹಾಗಂದ್ರೆ?

ಖಾಂಗ್: ಕೆಟ್ಟ ಮಾಲು! ನೂಲು ಕಡಿದ ಬಟ್ಟೆ ಬಂದ್ರೆ ಮೇಲ್ವಿಚಾರಕ ದಿನಾ ನನ್ನ ಕಿವಿ ಹತ್ರ ಕೂಗ್ತಿದ್ದ, ಬ್ರಾಕ್, ಬ್ರಾಕ್ ಅಂತ. ನನ್ನ ಮಗ್ಗದ ವಿಷಯ ಬರೆದಿದ್ದಾಳೆ!

ಜಿನೈದಾ: ಹೌದು, ಹೌದು, ಬ್ರಾಕ್!

ಅಜ್ಜಿ ತನ್ನ ಬಲಗೈಯ ಉಂಗುರದ ಬೆರಳನ್ನು ಎತ್ತಿ ತೋರಿಸಿ, ಅದರ ಮೇಲೆ ಇನ್ನೊಂದು ಕೈಯಿಂದ ಸುತ್ತು ಹಾಕಿದಳು.

ಖಾಂಗ್: ನೋಡು, ನೋಡು. ಬೆರಳು ಯಂತ್ರಕ್ಕೆ ಸಿಕ್ಕಿಸ್ಕೋಬೇಡ ಅಂತ ತೋರಿಸ್ತಿದ್ದಾಳೆ. ಗೋಡೆ ಮೇಲೆ ಇಂಥದ್ದೇ ಚಿತ್ರ ಇತ್ತು.

ರಷ್ಯನ್ನರು ಕೆಟ್ಟ ಮಾಲಿಗೂ ಮದುವೆಗೂ ಒಂದೇ ಪದ ಇಟ್ಟುಕೊಂಡಿದ್ದಾರೆ. ಹಾಗೇಕೆ ಎಂದು ಅವರನ್ನು ಕೇಳುವ ಅಗತ್ಯ ನಮ್ಮ ಓಣಿಯ ಯಾರಿಗೂ ಬಿದ್ದಿಲ್ಲ. ಲಾಯ್‌ಗೆ ಆ ಪದ ಗೊತ್ತಿರಲಿಲ್ಲ, ಆದರೆ ಉಂಗುರದ ಬೆರಳು ಗೊತ್ತಿತ್ತು. ಇನ್ನೂ ಮೂರು ಮಾತು ಅವಳ ಕಿವಿಗೆ ಬಿದ್ದಿದ್ದವು. 'ಲ್ಯುಬ್ಲ್ಯು': ಮಾವಿನಹಣ್ಣು ಚೀಪುತ್ತ, ನನಗಿದು ಇಷ್ಟ ಎಂದು ರಷ್ಯನ್ ಮಕ್ಕಳು ಹೇಳುವ ಮಾತು. 'ಪ್ರಿಯೆಝಾಯ್': ರಜೆ ಮುಗಿಸಿ ಹೊರಟವರಿಗೆ, ಮತ್ತೆ ಬಾ ಎಂದು ಅವಳೇ ಕೈಬೀಸಿ ಹೇಳುವ ಮಾತು. 'ಝ್ದು': ಹಣ್ಣು ಹೆಚ್ಚಿ ಕೊಡುವವರೆಗೆ ನಿಂತಿರುತ್ತೇನೆ, ಕಾಯುತ್ತೇನೆ ಎಂದು ಗಿರಾಕಿಗಳು ಹೇಳುವ ಮಾತು. ನಾಲ್ಕನ್ನೂ ಸೇರಿಸಿ ನೋಡಲು ಮೇಷ್ಟ್ರು ಬೇಕಾಗಿರಲಿಲ್ಲ.

ಓದು ಮುಗಿಸಿದ ಜಿನೈದಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಖಾಂಗ್: ಕೊನೇಲಿ ಏನೋ ಬೇರೆ ಥರ ಇತ್ತು. ಮೆತ್ತಗೆ ಓದಿದ್ಲು. ನಿನಗೆ ಏನಾದ್ರೂ ತಿಳೀತಾ?

ಲಾಯ್: ಸ್ವಲ್ಪ.

ಖಾಂಗ್: ಬರೀ ಮಗ್ಗದ ವಿಷಯಾನಾ? ಪ್ರೀತಿ ಗೀತಿ ಅಂತ... ಏನಾದ್ರೂ?

ಹಾಗೆ ಕೇಳುವಾಗ ಅವನು ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಅಂಗೈಯಿಂದ ಸವರಿಕೊಂಡ. ಅದನ್ನು ಲಾಯ್ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದರೂ ತನ್ನೆದುರು ಒಂದು ದಿನವೂ ಅವನು ಹಾಗೆ ಕೂದಲು ಸವರಿಕೊಂಡಿರಲಿಲ್ಲ.

ಲಾಯ್: ಚಮಚ.

ಖಾಂಗ್: ಏನು?

ಲಾಯ್: ಚಮಚದ ವಿಷಯ ಬರೆದಿದ್ದಾಳೆ. ಕ್ಯಾಂಟೀನಲ್ಲಿ ಚಮಚ ಕಡಿಮೆ ಬಂದಿದೆಯಂತೆ. ನೀವೇ ತಗೊಂಡಿರಬೇಕು, ವಾಪಸ್ ಕೊಡಿ ಅಂತ.

ಖಾಂಗ್: ದರಗೋಯ್ ಅಂತ ಶುರುಮಾಡಿ ಚಮಚ ಕೇಳ್ತಾಳಾ?

ಲಾಯ್: ಆ ಚಮಚ ದುಬಾರಿ ಅಂತ.

ಖಾಂಗ್: ಬ್ರಾಕ್ ಅಂದ್ಲಲ್ಲ?

ಲಾಯ್: ಬದಲಿಗೆ ಕೆಟ್ಟ ಮಾಲು ತಂದಿಟ್ಟರೆ ಒಪ್ಪಲ್ಲ ಅಂತ.

ಖಾಂಗ್: ಹೂವು?

ಲಾಯ್: ಚಮಚದ ಹಿಡಿ ಮೇಲಿರೋ ಗುರುತು.

ಖಾಂಗ್: ಹಾಗಾದ್ರೆ ಈಯಮ್ಮ ಯಾಕೆ ಅಳ್ತಿದ್ದಾಳೆ?

ಲಾಯ್: ಚಳಿ ದೇಶದವಳು. ಚಮಚ ಇಲ್ದೆ ಅಲ್ಲಿ ಸೂಪ್ ಹೇಗೆ ಕುಡಿಯೋದು? ಆ ಸಂಕಟ ನಮಗೆಲ್ಲಿ ಗೊತ್ತಾಗುತ್ತೆ!

ಜಿನೈದಾ ಬಾಗಿ ಖಾಂಗನ ಎರಡೂ ಕೈ ಹಿಡಿದುಕೊಂಡಳು.

ಜಿನೈದಾ: ಉತ್ತರ ಬರೆದೆಯಾ ಮಗಾ? ಒಂದು ಸಾಲಾದ್ರೂ ಬರೆದೆಯಾ?

ಅರ್ಥವಾಗದ ಮಾತಿಗೆಲ್ಲ ಮೂರು ವರ್ಷ ಗಿರಣಿಯಲ್ಲಿ ಕೊಟ್ಟ ಉತ್ತರವನ್ನೇ ಖಾಂಗ್ ಈಗಲೂ ಕೊಟ್ಟ.

ಖಾಂಗ್: ಹೌದು, ಹೌದು!

ಅಜ್ಜಿ ಹರ್ಷದಿಂದ ಅವನನ್ನು ತಬ್ಬಿ ಎರಡು ಕೆನ್ನೆಗೂ ಮುತ್ತಿಟ್ಟಳು. ಒಂದು ಬಾಟಲಿ ಜಾಮು ಕೊಟ್ಟು ಕಳಿಸಿದಳು.

ಖಾಂಗ್: ಏನು ಕೇಳಿದ್ಲು?

ಲಾಯ್: ಚಮಚ ವಾಪಸ್ ಕೊಟ್ಯಾ ಅಂತ.

ಮೆಟ್ಟಿಲಿಳಿದು ಓಣಿಗೆ ಬಂದರು. ಜಗಲಿಯಲ್ಲಿ ಆಗಲೇ ನಾಲ್ಕೈದು ಶಿಷ್ಯರು ಪಾಠಕ್ಕೆ ಬಂದು ಕೂತಿದ್ದು ದೂರದಿಂದ ಕಾಣುತ್ತಿತ್ತು. ಖಾಂಗ್ ಜಾಮಿನ ಬಾಟಲಿಯನ್ನು ಎದೆಗೊತ್ತಿಕೊಂಡು, ಬಗ್ಗಿದ ಬೆನ್ನಿನಲ್ಲಿ, ಕಾಲೆಳೆಯುತ್ತ ನಡೆಯುತ್ತಿದ್ದ. ಮನೆಯಿಂದ ಹೊರಟಾಗ ಗಂಡನಾಗಿದ್ದವನು ವಾಪಸು ಬರುವಾಗ ಮುದುಕನಾಗಿದ್ದ. ಲಾಯ್ ಒಂದು ಸಲ ನೋಡಿದಳು, ಮುಖ ತಿರುಗಿಸಿದಳು; ಇನ್ನೊಂದು ಸಲ ನೋಡಿದಳು. ಗೆದ್ದ ಜಗಳದ ರುಚಿ ಬಾಯಲ್ಲಿ ನಿಲ್ಲಲಿಲ್ಲ. ಆ ಕ್ಲಾವಾ ಎಂಬವಳು ಎಷ್ಟು ವರ್ಷ ಕಾದಳೋ ಎಂಬ ಯೋಚನೆ ಬೇರೆ, ಕರೆಯದೇ ಬಂದಿತ್ತು.

ಲಾಯ್: ರೀ.

ಖಾಂಗ್: ಹ್ಞಾಂ.

ಲಾಯ್: ನಿಲ್ಲಿ ಸ್ವಲ್ಪ. ನಿಮಗೊಂದು ಮಾತು ಹೇಳ್ಬೇಕು. ಆ ಕಾಗದದಲ್ಲಿ...

ಖಾಂಗ್: ಬೇಡ ಕಣೇ. ನೀನು ಸಮಾಧಾನ ಮಾಡ್ಬೇಡ. ತಪ್ಪು ನನ್ನದೇ. ನಾನೇ ನಿನಗೆ ಹೇಳ್ಬೇಕು.

ಲಾಯ್: ನೀವೇನು ಹೇಳೋದು?

ಖಾಂಗ್: ಮದುವೇಲಿ ನಿನಗೆ ಮೂರು ಚಮಚ ಕೊಟ್ಟಿದ್ನಲ್ಲ, ಅಲ್ಲಿ ದೊಡ್ಡ ಅಂಗಡೀಲಿ ನಿನಗೋಸ್ಕರ ಆರಿಸಿ ಕೊಂಡ್ಕೊಂಡೆ ಅಂತ? ಕ್ಯಾಂಟೀನಿಂದ ಕೋಟಿನ ಒಳಜೇಬಲ್ಲಿ ಇಟ್ಕೊಂಡು ತಂದಿದ್ದೆ, ಜೊತೇಲಿದ್ದವರಿಗೂ ಗೊತ್ತಿರ್ಲಿಲ್ಲ. ಅವಳಿಗೆ ಹೇಗೆ ಗೊತ್ತಾಯ್ತೇ?